ಬಿಳಿ ಕಾಯಿಲೆಯ ಗುಮಾಸ್ತ



'ರೋಬೋಟ್' ಅನ್ನೋ ಪದವನ್ನ ಜಗತ್ತಿಗೆ ಕೊಟ್ಟ ಜೆಕ್ ಲೇಖಕ ಕರೆಲ್ ಚಾಪೆಕ್ ಗೊತ್ತಲ್ಲ? ಅವನ 'ಬಿಳಿ ಕಾಯಿಲೆ' ನಾಟಕ ಪ್ರಾಗ್‌ನಲ್ಲಿ ರಂಗಕ್ಕೆ ಬಂದದ್ದು 1937ರ ಜನವರಿಯಲ್ಲಿ. ಪಕ್ಕದ ಜರ್ಮನಿಯಲ್ಲಿ ಆಗ ಹಿಟ್ಲರ್ ಆಳ್ವಿಕೆ. ನಾಟಕದಲ್ಲಿ ಅವನ ಹೆಸರಿಲ್ಲ. ಯುದ್ಧಕ್ಕೆ ಹೊರಟ ಒಬ್ಬ ಮಾರ್ಷಲ್ ಇದ್ದಾನೆ, ಅವನಿಗೆ ಮದ್ದುಗುಂಡು ಮಾಡಿಕೊಡೋ ಬ್ಯಾರನ್ ಕ್ರ್ಯೂಗ್ ಇದ್ದಾನೆ. ಜೊತೆಗೊಂದು ಸಾಂಕ್ರಾಮಿಕ. ಮೈಮೇಲೆ ಬಿಳಿ ಮಚ್ಚೆ ಏಳುತ್ತೆ, ಆ ಜಾಗಕ್ಕೆ ಸ್ಪರ್ಶವೇ ಗೊತ್ತಾಗಲ್ಲ. ಬರೋದು ನಲವತ್ತೈದರ ಆಸುಪಾಸು ದಾಟಿದವರಿಗೆ. ನನಗೀಗ 46!

ಔಷಧ ಗೊತ್ತಿರೋದು ಡಾಕ್ಟರ್ ಗಾಲೆನ್ ಒಬ್ಬನಿಗೇ. ಬಡವರಿಗೆ ಕೊಡ್ತಾನೆ. ಅಧಿಕಾರ, ದುಡ್ಡು ಇರೋರಿಗೆ ಒಂದು ಷರತ್ತು: ಮೊದಲು ಯುದ್ಧ ಕೈಬಿಡಿ. ಕಡೆಗೆ ಮಾರ್ಷಲ್‌ಗೇ ಕಾಯಿಲೆ ಅಂಟಿ, ಅವನು ಒಪ್ಪಿದಾಗ, ಔಷಧ ಹಿಡಿದು ಹೊರಟ ಗಾಲೆನ್‌ನನ್ನ ಯುದ್ಧಕ್ಕೆ ಜೈಕಾರ ಹಾಕ್ತಿದ್ದ ಗುಂಪು ಬೀದಿಯಲ್ಲೇ ಕೊಂದುಹಾಕುತ್ತೆ.

ಎಲ್ಲರೂ ಮಾತಾಡೋದು ಮಾರ್ಷಲ್ ಬಗ್ಗೆ. ನಾನು ಸಿಕ್ಕಿಬಿದ್ದಿದ್ದು ಹೆಸರೂ ಇಲ್ಲದ ಇನ್ನೊಬ್ಬನ ಹತ್ರ. ಅವನು ಕ್ರ್ಯೂಗ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯೋನು. ಮೇಲಿನವರು ಕಾಯಿಲೆಯಿಂದ ಸತ್ತು ಕುರ್ಚಿ ಖಾಲಿಯಾಗಿ ಅವನಿಗೆ ಬಡ್ತಿ ಸಿಗುತ್ತೆ, ಖುಷಿಪಡ್ತಾನೆ. ಆಮೇಲೆ ಹೆಂಡತಿಗೇ ಮಚ್ಚೆ ಏಳುತ್ತೆ. ಆಯುಧ ಕಾರ್ಖಾನೆಯ ಕೆಲಸ ಬಿಡು, ಔಷಧ ಕೊಡ್ತೀನಿ ಅಂತಾನೆ ಗಾಲೆನ್. ಇವನು ಬಿಡಲ್ಲ.

ಓದಿ ಛೀ ಅಂದೆ. ಆಮೇಲೆ 2020 ನೆನಪಾಯ್ತು. ಪೌರಕಾರ್ಮಿಕರು ಗ್ಲೌಸ್, ಮಾಸ್ಕ್ ಕೇಳಿ ಬರೆದ ಅರ್ಜಿ ನನ್ನ ಮೇಜಿಗೇ ಬಂದಿತ್ತು. ಬಹುತೇಕ ನಮ್ಮವರೇ. ಮೇಲಿನವರು 'ಸದ್ಯ ಇರಲಿ' ಅಂದ್ರು. ಬಡ್ತಿ ಪಟ್ಟಿಯಲ್ಲಿ ನನ್ನ ಹೆಸರಿತ್ತು. ನಾನೂ ಇರಲಿ ಅಂದೆ. ಎರಡು ವಾರ ಫೈಲು ಅಲ್ಲೇ ಇತ್ತು. ಅದೇ ವಾರ ಸಂಘಟನೆಯ ಆನ್‌ಲೈನ್ ಸಭೆಯಲ್ಲಿ ಪೌರಕಾರ್ಮಿಕರ ಹಕ್ಕುಗಳ ಬಗ್ಗೆ ಭಾಷಣ ಮಾಡ್ದೆ. ನಾಚಿಕೆ ಆಗಲಿಲ್ಲ. ಮಚ್ಚೆ ಎದ್ದ ಜಾಗ ಅಲ್ವಾ, ಗೊತ್ತಾಗಲ್ಲ.

ಚಾಪೆಕ್ 1938ರ ಡಿಸೆಂಬರ್ 25ರಂದು ತೀರಿಕೊಂಡ. ಮೂರು ತಿಂಗಳೊಳಗೆ ಹಿಟ್ಲರನ ಸೈನ್ಯ ಪ್ರಾಗ್‌ಗೆ ನುಗ್ಗಿತು. ಅವನಣ್ಣ, ಚಿತ್ರಕಾರ ಯೋಸೆಫ್, 1945ರಲ್ಲಿ ನಾಜಿ ಶಿಬಿರದಲ್ಲಿ ಸತ್ತ. ಆ ಶಿಬಿರಗಳಿಗೂ ರಿಜಿಸ್ಟರ್ ಇದ್ದವು, ಬರೆಯೋಕೆ ಗುಮಾಸ್ತರು ಇದ್ದರು.

ಸರ್ವಾಧಿಕಾರಿಯನ್ನ ಬೈಯೋದು ಸುಲಭ, ಬೈಯೋಣ. ಆದ್ರೆ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಾನು ಕೂರೋ ಕುರ್ಚಿ ಅವನದಲ್ಲ, ಆ ಗುಮಾಸ್ತನದು. ಅಲ್ಲಿ ಇನ್ನೊಂದು ಅರ್ಜಿ ಕಾಯ್ತಾ ಇದೆ. ಅದನ್ನ ನಾಳೆಯೇ ಮಂಡಿಸ್ತೀನಿ. ಮಂಡಿಸಿದೆನಾ ಅಂತ ಸಂಜೆ ಇಲ್ಲೇ ಕೇಳಿ.