ಅಣ್ಣನವರ ಕಾಲು ಮತ್ತು ನಮ್ಮ ವಿಳಂಬ

ನಮ್ಮ ಹಿರಿಯಣ್ಣನವರು ಜಯನಗರದ ತಿಲಕ್‌ನಗರದಲ್ಲಿ ಮೂವತ್ತು ವರ್ಷಗಳಿಂದ ಹೊಲಿಗೆ ಅಂಗಡಿ ನಡೆಸುತ್ತಾ ಬಂದವರು. ತಂದೆಯವರು ತೀರಿಕೊಂಡಾಗ ನಾವು ಮೂವರೂ ಚಿಕ್ಕವರು. ನಮ್ಮ ಶಾಲೆಯ ಶುಲ್ಕ, ತಂಗಿಯ ನಿಕಾಹ್, ಎಲ್ಲವೂ ಅವರು ತುಳಿದ ಯಂತ್ರದಿಂದಲೇ ಸಾಗಿದವು. ಆ ಕಾಲುಗಳು ಬಲ ಕಳೆದುಕೊಳ್ಳುತ್ತಿವೆ ಎಂಬುದನ್ನು ಸರಿಯಾಗಿ ಅರಿಯಲು ನಮಗೆ ಎಂಟು ತಿಂಗಳು ಬೇಕಾಯಿತು.

ಮೊದಲು ಕಂಡದ್ದು ಮಸೀದಿಯಲ್ಲಿ. ಸುಜೂದ್‌ನಿಂದ ಏಳುವಾಗ ಅವರು ನೆಲಕ್ಕೆ ಕೈಯೂರುತ್ತಿದ್ದರು. ಕೆಲವು ವಾರಗಳ ಬಳಿಕ ಮೊದಲ ಸಾಲು ಬಿಟ್ಟು ಹಿಂದಿನ ಕುರ್ಚಿಗೆ ಹೋದರು. ನಿಲ್ಲಲಾಗದವನು ಕುಳಿತು, ಅದೂ ಆಗದವನು ಮಲಗಿ ನಮಾಝ್ ನಿರ್ವಹಿಸಬಹುದೆಂಬ ರಿಯಾಯಿತಿ ನಮ್ಮ ಧರ್ಮದಲ್ಲಿದೆ. ಆದರೆ ಆ ರಿಯಾಯಿತಿಯ ನೆರಳಿನಲ್ಲಿ ನಾವು ಕೇಳಬೇಕಾದ ಪ್ರಶ್ನೆಯನ್ನೇ ಕೇಳಲಿಲ್ಲ: ಐವತ್ತೆಂಟನೆಯ ವಯಸ್ಸಿಗೆ ಇವರಿಗೇಕೆ ನಿಲ್ಲಲಾಗುತ್ತಿಲ್ಲ?

‘ಸಕ್ಕರೆ ಕಾಯಿಲೆ ಇದೆಯಲ್ಲ, ನರ ಸೋತಿರಬೇಕು’ ಎಂದುಕೊಂಡೆವು. ಬಂಧುಗಳೊಬ್ಬರು ಎಣ್ಣೆ ತಿಕ್ಕಿಸಲು ಹೇಳಿದರು. ಇನ್ನೊಬ್ಬರು ಕುತ್ತಿಗೆ, ಸೊಂಟ ತಿರುಗಿಸಿ ‘ನೆಟಿಗೆ’ ತೆಗೆಯುವವರ ವಿಳಾಸ ಕೊಟ್ಟರು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಸೊಂಟದ ಎಂ.ಆರ್.ಐ. ಮಾಡಿ, ವಯಸ್ಸಿಗೆ ತಕ್ಕ ಸವೆತವೆಂದು ಹೇಳಿ ಬೆಲ್ಟ್ ಕೊಟ್ಟು ಕಳುಹಿಸಿದರು. ಸ್ಕ್ಯಾನ್ ಆಗಿದೆ, ಏನೂ ಇಲ್ಲವೆಂದು ನಾವೂ ಸಮಾಧಾನಪಟ್ಟೆವು. ಕಾಲಿನಿಂದ ಚಪ್ಪಲಿ ಜಾರಿದ್ದೇ ತಿಳಿಯದೆ ಅಣ್ಣನವರು ವುಝೂ ಮಾಡುವ ಕಟ್ಟೆಯ ಬಳಿ ಬಿದ್ದ ದಿನ ಆ ಸಮಾಧಾನ ಮುರಿಯಿತು.

ಅಂದು ರಾತ್ರಿ ಗುರಪ್ಪನಪಾಳ್ಯದ ತಂಗಿಯ ಮನೆಯಲ್ಲಿ ಎಲ್ಲರೂ ಸೇರಿದೆವು. ‘ಶಿಫಾ ನೀಡುವವನು ಅಲ್ಲಾಹನು, ಇನ್ನೆಷ್ಟು ಆಸ್ಪತ್ರೆ ಅಲೆಯುವುದು?’ ಎಂದು ನಮ್ಮಲ್ಲೊಬ್ಬರು ಕೇಳಿದರು. ಒಂಟೆಯನ್ನು ಕಟ್ಟಿದ ಮೇಲೆ ಭರವಸೆಯಿಡಬೇಕೆಂದು ಪ್ರವಾದಿ(ಸ)ಯವರು ಕಲಿಸಿದ್ದನ್ನು ತಂಗಿ ನೆನಪಿಸಿದಳು. ಚಿಕಿತ್ಸೆ ಪಡೆಯಬೇಕೇ ಎಂದು ಕೇಳಿದ ಮರುವಾಸಿಗಳಿಗೆ ಅವರು ಪಡೆಯಿರೆಂದೇ ಹೇಳಿದ್ದರು. ತವಕ್ಕುಲ್ ಎಂಬ ಪದದಿಂದ ನಾವು ನಮ್ಮ ಆಲಸ್ಯವನ್ನು ಮುಚ್ಚುತ್ತಿದ್ದೆವು. ಮರುದಿನ ಬಡಾವಣೆಯ ವೈದ್ಯರಿಂದ ಚೀಟಿ ಪಡೆದು ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೊರಟೆವು.

1974ರಲ್ಲಿ ಎರಡು ಸಂಸ್ಥೆಗಳ ವಿಲೀನದಿಂದ ರೂಪುಗೊಂಡು, 2012ರಲ್ಲಿ ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂಬ ಸ್ಥಾನ ಪಡೆದ ಈ ಆಸ್ಪತ್ರೆ ನಮ್ಮ ಮನೆಗಳಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಮಾನಸಿಕ ರೋಗಕ್ಕೆ ಮಾತ್ರವೆಂದು ಭಾವಿಸಿ ಅತ್ತ ಹೋಗಲು ನಾವು ಅಂಜಿದ್ದೆವು. ಮೆದುಳು, ಬೆನ್ನುಹುರಿ, ನರಗಳ ಕಾಯಿಲೆಗಳಿಗೂ ಅಲ್ಲಿ ಚಿಕಿತ್ಸೆಯಿದೆ.

ಅಲ್ಲಿನ ಯುವ ವೈದ್ಯರು ಮೊದಲು ಸ್ಕ್ಯಾನ್ ನೋಡಲಿಲ್ಲ. ಅಣ್ಣನವರನ್ನು ನಡೆಸಿದರು. ಮೊಣಕಾಲಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಕಾಲು ಜೋರಾಗಿ ಒದೆಯಿತು. ಅಂಗಾಲನ್ನು ಗೀರಿದಾಗ ಹೆಬ್ಬೆರಳು ಮೇಲಕ್ಕೆದ್ದಿತು. ಬಳಿಕ ಕೇಳಿದರು: ‘ಅಂಗಿಯ ಗುಂಡಿ ಹಾಕಿಕೊಳ್ಳಲು ಕಷ್ಟವಾಗುತ್ತದೆಯೇ?’

ಅಣ್ಣನವರು ತಲೆ ತಗ್ಗಿಸಿದರು. ಹಿಂದೆ ನಿಂತಿದ್ದ ಅತ್ತಿಗೆ ಮೆಲ್ಲನೆ ಹೇಳಿದರು: ‘ಐದು ತಿಂಗಳಿಂದ ನಾನೇ ಹಾಕುತ್ತಿದ್ದೇನೆ, ಡಾಕ್ಟರ್.’

ಸಾವಿರಾರು ಅಂಗಿಗಳಿಗೆ ಗುಂಡಿ ಹೊಲಿದವರಿಗೆ ತಮ್ಮ ಗುಂಡಿ ಹಾಕಿಕೊಳ್ಳಲಾಗುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲವೆಂದು ಅವರು ಹೇಳಿದಾಗ ನಾವು ಹೊಸ ಕನ್ನಡಕ ಮಾಡಿಸಿಕೊಟ್ಟಿದ್ದೆವು.

ವೈದ್ಯರು ವಿವರಿಸಿದರು. ಸಕ್ಕರೆ ಕಾಯಿಲೆಯಿಂದ ನರಗಳು ಸೋತರೆ ಸಾಮಾನ್ಯವಾಗಿ ಈ ಪ್ರತಿಕ್ರಿಯೆ ಕುಗ್ಗುತ್ತದೆ. ಇಲ್ಲಿ ಅದು ಹೆಚ್ಚಾಗಿದೆ, ಕೈಗಳೂ ಸೋತಿವೆ. ಆದ್ದರಿಂದ ಸೊಂಟದ ಸ್ಕ್ಯಾನ್ ಸಾಲದು, ಕುತ್ತಿಗೆಯನ್ನು ನೋಡಬೇಕು. ಮೆಟ್‌ಫಾರ್ಮಿನ್ ಮಾತ್ರೆಯನ್ನು ದೀರ್ಘಕಾಲ ಸೇವಿಸುವವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು; ಆ ಕೊರತೆಯೂ ಬೆನ್ನುಹುರಿಯನ್ನು ಕೆಡಿಸಬಲ್ಲದೆಂದು ರಕ್ತಪರೀಕ್ಷೆಯನ್ನೂ ಮಾಡಿಸಿದರು. ಅದು ಸರಿಯಾಗಿತ್ತು. ಕುತ್ತಿಗೆಯಲ್ಲಿ ಸವೆದ ಡಿಸ್ಕ್ ಮತ್ತು ಬೆಳೆದ ಮೂಳೆ ಬೆನ್ನುಹುರಿಯನ್ನು ಅದುಮುತ್ತಿದ್ದವು. ಈ ಸ್ಥಿತಿಗೆ ಸರ್ವೈಕಲ್ ಮೈಲೋಪತಿ ಎನ್ನುತ್ತಾರೆ. ಅಂತಹ ಕುತ್ತಿಗೆಯನ್ನು ತಿರುಗಿಸಿ ನೆಟಿಗೆ ತೆಗೆಸಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಎದೆ ನಡುಗುತ್ತದೆ.

ಶಸ್ತ್ರಚಿಕಿತ್ಸೆಯ ಮುಖ್ಯ ಉದ್ದೇಶ ಕಾಯಿಲೆ ಮುಂದುವರಿಯದಂತೆ ತಡೆಯುವುದು, ಕಳೆದುಹೋದ ಬಲವೆಲ್ಲ ಮರಳುತ್ತದೆಂದು ಭರವಸೆ ಕೊಡಲಾಗದು ಎಂದು ಅವರು ಮೊದಲೇ ತಿಳಿಸಿದರು. ಬೇಗ ಬಂದಷ್ಟೂ ಒಳ್ಳೆಯದಿತ್ತು ಎಂದೂ ಹೇಳಿದರು. ಆ ಮಾತು ನಮ್ಮನ್ನು ಬಿಟ್ಟಿಲ್ಲ.

ಈಗ ನಾಲ್ಕು ತಿಂಗಳಾಗಿದೆ. ಅಣ್ಣನವರು ಊರುಗೋಲು ಹಿಡಿದು ಮಸೀದಿಗೆ ಬರುತ್ತಾರೆ, ಕುರ್ಚಿಯಲ್ಲೇ ಕುಳಿತುಕೊಳ್ಳುತ್ತಾರೆ. ಯಂತ್ರಕ್ಕೆ ಮೋಟಾರು ಕೂಡಿಸಿದ್ದೇವೆ. ದಾರ ಪೋಣಿಸಲು ಮೊಮ್ಮಗಳಿದ್ದಾಳೆ. ಮೇಲಿನ ಎರಡು ಗುಂಡಿಗಳನ್ನು ಈಗ ಅವರೇ ಹಾಕಿಕೊಳ್ಳುತ್ತಾರೆ.

ಸಹೋದರ ಸಹೋದರಿಯರೇ, ಮನೆಯ ಹಿರಿಯರ ಕಾಲಿನ ಬಲ ದಿನೇ ದಿನೇ ಕುಂದುತ್ತಿದ್ದರೆ ವಯಸ್ಸಿನ ಮೇಲೆ ಹೊರಿಸಿ ಸುಮ್ಮನಾಗಬೇಡಿ. ಯಾವಾಗ ಆರಂಭವಾಯಿತು, ಯಾವ ಕೆಲಸ ಆಗುತ್ತಿಲ್ಲ ಎಂಬುದನ್ನು ಬರೆದಿಟ್ಟುಕೊಳ್ಳಿ. ಮಾತ್ರೆಗಳನ್ನೂ ಹಳೆಯ ಸ್ಕ್ಯಾನ್‌ಗಳನ್ನೂ ಜೊತೆಗೆ ಒಯ್ಯಿರಿ. ರೋಗಿ ಮರೆಮಾಚಿದ್ದನ್ನು ಹೇಳಬಲ್ಲ ಮನೆಯವರು ಒಳಗೆ ಹೋಗಲಿ. ಮೂತ್ರ ಕಟ್ಟಿದರೆ ಅಥವಾ ತಾನಾಗಿ ಹೋದರೆ, ಕೂರುವ ಭಾಗ ಜೋಮು ಹಿಡಿದರೆ, ಕೆಲವೇ ದಿನಗಳಲ್ಲಿ ದೌರ್ಬಲ್ಯ ಮೇಲೇರಿದರೆ, ಉಸಿರಾಟ ಇಲ್ಲವೇ ನುಂಗುವುದು ಕಷ್ಟವಾದರೆ, ಹಠಾತ್ತನೆ ಒಂದು ಪಾರ್ಶ್ವ ಬಿದ್ದುಹೋದರೆ, ಆ ಕ್ಷಣವೇ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ನಮ್ಮನ್ನು ಹೊತ್ತು ನಡೆದ ಕಾಲುಗಳ ಹಕ್ಕು ನಮ್ಮ ಮೇಲಿದೆ. ಅಲ್ಲಾಹನು ನಮ್ಮ ವಿಳಂಬವನ್ನು ಕ್ಷಮಿಸಲಿ, ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ. ಆಮೀನ್.