ಅಪ್ಪಯ್ಯನ ಅಂಬಾಸಿಡರ್, ನಮ್ಮ ಫಿಯೆಟ್ಟು

ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿತೆಂಬ ಸುದ್ದಿಯನ್ನು 2023ರ ಅಕ್ಟೋಬರಿನಲ್ಲಿ ಓದಿದಾಗ ನನಗೆ ನೆನಪಾದದ್ದು ಮುಂಬಯಿಯಲ್ಲ, ಆಗುಂಬೆ ಘಾಟಿ.

ನನ್ನ ತವರು ತೀರ್ಥಹಳ್ಳಿಯಲ್ಲಿ ಅಂಬಾಸಿಡರ್, ಶಿವಮೊಗ್ಗದ ಗಂಡನ ಮನೆಯಲ್ಲಿ ಪ್ರೀಮಿಯರ್ ಪದ್ಮಿನಿ. ಹೆಸರು ಪದ್ಮಿನಿಯಾದರೂ ಎಲ್ಲರ ಬಾಯಲ್ಲೂ ಅದು ಫಿಯೆಟ್ಟೇ. ಅಪ್ಪಯ್ಯನಿಗೆ ನಮ್ಮದು ಬೆಂಕಿಪೊಟ್ಟಣ, ನಮ್ಮವರಿಗೆ ಅಪ್ಪಯ್ಯನದು ಎಮ್ಮೆ. ಹಬ್ಬಕ್ಕೆ ಹೋದರೆ ಮಾವ–ಅಳಿಯನ ಈ ವಾದದಲ್ಲಿ ಬಡಿಸಿದ ಕಡುಬು ತಣ್ಣಗಾಗುತ್ತಿತ್ತು.

ಅಂಬಾಸಿಡರಿನದು 1489 ಸಿ.ಸಿ. ಎಂಜಿನ್, ಫಿಯೆಟ್ಟಿನದು 1089. ಲೆಕ್ಕದಲ್ಲಿ ಅಪ್ಪಯ್ಯನೇ ಗೆಲ್ಲಬೇಕು. ಆದರೆ ಆ ದೊಡ್ಡ ಮೈಯನ್ನು ಎಳೆಯುವುದರಲ್ಲೇ ಅದರ ಅರ್ಧ ಶಕ್ತಿ ಸೋರಿಹೋಗುತ್ತಿತ್ತು. ಎರಡರಲ್ಲೂ ಗೇರಿನ ಕೋಲು ಸ್ಟೀರಿಂಗಿನ ಪಕ್ಕದಲ್ಲೇ. ಮುಂದಿನ ಉದ್ದ ಸೀಟಿನಲ್ಲಿ ಮಗುವನ್ನು ನಡುವೆ ಕೂರಿಸಬಹುದಿತ್ತು. ಆಗ ಸೀಟು ಬೆಲ್ಟಿನ ಯೋಚನೆ ಯಾರಿಗಿತ್ತು!

ನಾನು ಕಲಿತದ್ದು ಫಿಯೆಟ್ಟಿನಲ್ಲಿ. "ಬಸ್ಸಿಗೆ ಕಾಯುವ ಕಷ್ಟ ನನ್ನ ತಲೆಗೇ ಸಾಕು" ಎಂದು ಅತ್ತೆಯವರೇ ಮುಂದೆ ನಿಂತು ಕಲಿಸಿದರು. ಅಪ್ಪಯ್ಯ ಮಾತ್ರ ತನ್ನ ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟವರಲ್ಲ. "ಅದು ಹೆಣ್ಣುಮಕ್ಕಳ ತೋಳಿಗೆ ಬಗ್ಗುವುದಲ್ಲ ಮಾರಾಯ್ತಿ" ಎನ್ನುತ್ತಿದ್ದರು.

1989ರ ಮಳೆಗಾಲ. ನಾನೊಬ್ಬಳೇ ಫಿಯೆಟ್ ಓಡಿಸಿಕೊಂಡು ತವರಿಗೆ ಹೋಗಿದ್ದೆ. ಮರುದಿನ ಬೆಳಿಗ್ಗೆ ಅಪ್ಪಯ್ಯ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಮಣಿಪಾಲಕ್ಕೇ ಹೋಗಬೇಕೆಂದರು ಡಾಕ್ಟರು. ಡ್ರೈವರ್ ಊರಿನಲ್ಲಿಲ್ಲ. ಅಂಗಳದಲ್ಲಿ ಎರಡು ಕಾರು, ಓಡಿಸಲು ನಾನೊಬ್ಬಳು. ಹಲಗೆ ಕಟ್ಟಿದ ಕಾಲನ್ನು ಮಡಚದೆ ಫಿಯೆಟ್ಟಿನ ಹಿಂಬದಿಗೆ ಸೇರಿಸಲು ಆಗಲೇ ಇಲ್ಲ. ಅಮ್ಮ ಒಳಗಿನಿಂದ ಅಂಬಾಸಿಡರಿನ ಕೀಲಿ ತಂದು ನನ್ನ ಕೈಗಿಟ್ಟಳು. ಅಪ್ಪಯ್ಯ ಮುಖ ಆಚೆ ತಿರುಗಿಸಿದರು.

ಆಗುಂಬೆಯಲ್ಲಿ ಹದಿನಾಲ್ಕು ಹಿಮ್ಮುರಿ ತಿರುವು, ಮೇಲೆ ಮಂಜು. ಫಿಯೆಟ್ಟಾದರೆ ಮಣಿಕಟ್ಟು ತಿರುಗಿಸಿದೊಡನೆ ಮೂತಿ ತಿರುಗುತ್ತದೆ. ಇದು ಹೇಳಿದ್ದನ್ನು ಕೇಳಿ, ಯೋಚಿಸಿ, ಆಮೇಲೆ ತಿರುಗುತ್ತದೆ. ಒಂದೊಂದು ತಿರುವಿಗೂ ರುಬ್ಬುವ ಕಲ್ಲು ತಿರುಗಿಸಿದ ಹಾಗೆ ಹೆಗಲು ಕೊಡಬೇಕಾಯಿತು. ಬ್ರೇಕನ್ನೇ ನಂಬಿದರೆ ಕಾದು ಹಿಡಿತ ತಪ್ಪೀತೆಂದು ಎರಡನೇ ಗೇರಿನಲ್ಲೇ ಇಳಿಸಿದೆ. ಮೇಲೇರುವ ಬಸ್ಸೊಂದು ಎದುರಾಗಿ, ದಾರಿ ಬಿಡಲು ಹಿಂದಕ್ಕೆ ತೆಗೆಯಬೇಕಾದಾಗ ಕಣ್ಣೀರೇ ಬಂದಿತ್ತು. ಅಮ್ಮ ಹಿಂದಿನಿಂದ, "ನಿಧಾನಕ್ಕೆ ಮಗಾ, ಅವರು ಕಾಯ್ತಾರೆ" ಎಂದಳು. ಅಪ್ಪಯ್ಯನ ಬಾಯಿಂದ ಒಂದು ಮಾತಿಲ್ಲ.

ಆದರೂ ಒಂದನ್ನು ಒಪ್ಪಲೇಬೇಕು. ಘಾಟಿಯುದ್ದಕ್ಕೂ ಗುಂಡಿ. ಆ ಗುಂಡಿಗಳನ್ನೆಲ್ಲ ಅಂಬಾಸಿಡರ್ ತಾನೇ ನುಂಗಿಕೊಂಡು, ಹಿಂದೆ ಮಲಗಿದವರಿಗೆ ತೊಟ್ಟಿಲಿನಂಥ ತೂಗಾಟವನ್ನಷ್ಟೇ ದಾಟಿಸಿತು. ನಮ್ಮ ಫಿಯೆಟ್ಟಾಗಿದ್ದರೆ ಪ್ರತಿ ಕುಲುಕಿಗೂ ಅಪ್ಪಯ್ಯನ ನರಳಾಟ ಕೇಳಬೇಕಾಗುತ್ತಿತ್ತು. ಇದನ್ನು ನಮ್ಮವರಿಗೆ ನಾನು ಇಂದಿಗೂ ಹೇಳಿಲ್ಲ.

ಸೋಮೇಶ್ವರ ದಾಟಿ ರಸ್ತೆ ಸಮವಾದ ಮೇಲೆ ಹಿಂದಿನಿಂದ ಸಣ್ಣ ದನಿ ಬಂತು: "ನಿನ್ನ ಬೆಂಕಿಪೊಟ್ಟಣ ಆಗಿದ್ದರೆ ಇಷ್ಟು ಹೊತ್ತಿಗೆ ಹೆಬ್ರಿ ಮುಟ್ಟುತ್ತಿದ್ದೆವು, ಅಲ್ಲವೇನೆ?"

ಎದುರಿಗೆ ಲಾರಿ ಬರುತ್ತಿತ್ತು. ನಾನು ಉತ್ತರ ಕೊಡದೆ ಗೇರು ಬದಲಿಸಿದೆ.