ಬೇರಿನ ಪರಿಮಳ

ನನ್ನ ಮಟ್ಟಿಗೆ ಪರಿಮಳವೆಂದರೆ ಲಾವಂಚ. ಹಳಬರು ಮುಡಿವಾಳ ಎನ್ನುವ ಈ ಹುಲ್ಲಿನ ಎಲೆಯನ್ನು ಎಷ್ಟು ಹೊಸಕಿದರೂ ಘಮವಿಲ್ಲ. ಇರುವುದೆಲ್ಲ ಮಣ್ಣಿನೊಳಗೆ, ಬೇರಿನಲ್ಲಿ. ಬೇಸಿಗೆಯಲ್ಲಿ ಒಂದು ಹಿಡಿ ಬೇರನ್ನು ತೊಳೆದು, ಕಟ್ಟಿ, ಮಡಕೆಯ ನೀರಿಗೆ ಹಾಕಿಡಿ. ಮಧ್ಯಾಹ್ನದ ಹೊತ್ತಿಗೆ ಆ ನೀರು ಗಂಟಲಿಗಿಂತ ಮೊದಲು ಮೂಗನ್ನು ತಣಿಸುತ್ತದೆ. ಬೀಸಣಿಗೆ, ಬಾಗಿಲಿಗೆ ಇಳಿಬಿಡುವ ತಟ್ಟಿ, ಮೈ ಉಜ್ಜುವ ನಾರಿನ ಕಟ್ಟು, ಎಲ್ಲಕ್ಕೂ ಇದೇ ಬೇರು.

ಅದನ್ನು ಬೆಳೆದು ಎಣ್ಣೆ ಇಳಿಸುವುದು ನನ್ನ ಹವ್ಯಾಸ. ಮರಳು ಬೆರೆಸಿದ ಮಣ್ಣನ್ನು ಹಳೆಯ ಗೊಬ್ಬರದ ಚೀಲಗಳಿಗೆ ತುಂಬಿ, ಮುಂಗಾರಿನಲ್ಲಿ ಮರಿಗಳನ್ನು ಊರುತ್ತೇನೆ. ಒಂದೂವರೆ ವರ್ಷ ಕಾಯಬೇಕು. ಆಮೇಲೆ ಚೀಲ ಸೀಳಿ ಮಣ್ಣು ಉದುರಿಸಿದರೆ ಹೊಂಬಣ್ಣದ ಬೇರಿನ ರಾಶಿ, ಒಂದೂ ತುಂಡಾಗದೆ. ತೊಳೆದು, ನೆರಳಲ್ಲಿ ಒಣಗಿಸಿ, ಬೆರಳುದ್ದ ಕತ್ತರಿಸಿ, ರಾತ್ರಿಯಿಡೀ ನೆನೆಸಿ, ತಾಮ್ರದ ಬಟ್ಟಿಪಾತ್ರೆಗೆ ತುಂಬುತ್ತೇನೆ. ಮುಚ್ಚಳದ ಸಂದಿಗೆ ಗೋಧಿ ಹಿಟ್ಟಿನ ಕಣಕ ಮೆತ್ತಿ ಒಲೆ ಹಚ್ಚಿದರೆ ಮುಂದಿನದೆಲ್ಲ ತಾಳ್ಮೆಯ ಕೆಲಸ. ಲಾವಂಚದ ಎಣ್ಣೆಯ ಉತ್ತಮ ಭಾಗ ಭಾರವಾದದ್ದು, ಆವಿಯ ಜೊತೆ ತಡವಾಗಿ ಏರುತ್ತದೆ. ಬೇಗ ಒಲೆ ಆರಿಸಿದವರಿಗೆ ಹಸಿ ವಾಸನೆಯಷ್ಟೇ ದಕ್ಕುತ್ತದೆ. ಇಳಿದ ಎಣ್ಣೆಯ ತೂಕವೂ ಹೆಚ್ಚುಕಡಿಮೆ ನೀರಿನಷ್ಟೇ. ಹಾಗಾಗಿ ಬೇಗ ಬೇರ್ಪಡುವುದಿಲ್ಲ. ಒಂದು ಕಿಲೋ ಒಣಬೇರಿಗೆ ಸುಮಾರು 10 ಗ್ರಾಂ ಸಿಕ್ಕರೆ ಬೇರು ಚೆನ್ನಾಗಿದೆ ಎಂದೇ ಲೆಕ್ಕ. ಜೇನಿನಂತೆ ಮಂದವಾದ ಆ ಎಣ್ಣೆಯಲ್ಲಿ ಒದ್ದೆ ಕಟ್ಟಿಗೆ, ಒಣಹುಲ್ಲು, ತುಸು ಹೊಗೆ, ಎಲ್ಲವೂ ಇವೆ. ಇಟ್ಟಷ್ಟೂ ಅದು ಹದಗೊಳ್ಳುತ್ತದೆ.

ಕನೌಜಿನ ಕುಶಲಕರ್ಮಿಗಳು ತಲೆಮಾರುಗಳಿಂದ ದೊಡ್ಡ ತಾಮ್ರದ ದೇಗ್‌ಗಳಲ್ಲಿ ಇದನ್ನೇ ಬಟ್ಟಿ ಇಳಿಸಿ 'ರೂಹ್ ಖಸ್' ಮಾಡುತ್ತಾರೆ. ತಾಮ್ರದ ಸಂಗದಿಂದ ಅದಕ್ಕೆ ಹಸಿರು ಛಾಯೆ. ಬೇಗ ಆರದ ಎಣ್ಣೆಯಾದ್ದರಿಂದ ಬೇರೆ ಪರಿಮಳಗಳನ್ನೂ ಹಿಡಿದು ನಿಲ್ಲಿಸುತ್ತದೆ. ಜಗತ್ತಿನ ಸುಗಂಧ ತಯಾರಕರಿಗೆ ಇದು ಬೇಕಾಗಿರುವುದು ಅದಕ್ಕೇ. 1959ರಲ್ಲಿ ಪ್ಯಾರಿಸ್ಸಿನ ಗೆರ್ಲೆನ್ ಸಂಸ್ಥೆ ಲಾವಂಚದ ಹೆಸರಿನಲ್ಲೇ ಒಂದು ಸುಗಂಧವನ್ನು ಹೊರತಂದಿತು.

ಆದರೆ ಹಿಡಿದು ನಿಲ್ಲಿಸುವ ಈ ಗುಣ ಎಣ್ಣೆಯದಷ್ಟೇ ಅಲ್ಲ, ಬೇರಿನದೂ ಹೌದು. ಲಾವಂಚದ ಬೇರು ಪಕ್ಕಕ್ಕೆ ಹರಡದೆ ನೆಟ್ಟಗೆ ಮೂರು ಮೀಟರ್ ಆಳಕ್ಕೂ ಇಳಿಯಬಲ್ಲದು. ಪಕ್ಕದ ಪೈರಿಗೆ ತೊಂದರೆ ಕೊಡದೆ ಮಣ್ಣನ್ನು ಬಿಗಿಯುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ಬಹುಕಾಲದಿಂದ ಹೊಲದ ಎಲ್ಲೆಗೆ ಇದರ ಸಾಲು ನೆಟ್ಟಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿತಜ್ಞರು ಭಾರತದಲ್ಲಿ ಕೆಲಸ ಮಾಡುತ್ತ ಮಣ್ಣಿನ ಕೊಚ್ಚಣೆಗೆ ಲಾವಂಚದ ಬೇಲಿಯನ್ನು ಜಗತ್ತಿಗೆಲ್ಲ ಶಿಫಾರಸು ಮಾಡಿದಾಗ, ಅವರ ಕಣ್ಣಮುಂದೆ ಈ ಹೊಲಗಳಿದ್ದವು. ಪರಿಮಳಕ್ಕೂ ಮಣ್ಣಿನ ನಂಟಿದೆ. ಬೇರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಎಣ್ಣೆ ರೂಪುಗೊಳ್ಳಲು ನೆರವಾಗುತ್ತವೆ. ಅವಿಲ್ಲದೆ ಪ್ರಯೋಗಾಲಯದ ಗಾಜಿನಲ್ಲಿ ಬೆಳೆಸಿದ ಗಿಡದಲ್ಲಿ ಎಣ್ಣೆ ಹೆಸರಿಗಷ್ಟೇ.

ಇಲ್ಲಿಯೇ ಈ ಹವ್ಯಾಸದ ಧರ್ಮಸಂಕಟ. ಎಣ್ಣೆ ಬೇಕೆಂದರೆ ಬೇರು ಕೀಳಬೇಕು. ಕಿತ್ತರೆ ಮಣ್ಣು ಸಡಿಲ. ಲಾವಂಚದ ಎಣ್ಣೆಗೆ ಹೆಸರಾದ ಹೈಟಿಯ ಇಳಿಜಾರುಗಳಲ್ಲಿ, ಮಣ್ಣು ಕಾಯುವ ಇದೇ ಹುಲ್ಲನ್ನು ಅಗೆದಗೆದು ಮಣ್ಣು ಕೊಚ್ಚಿಹೋಗಿದೆ. ನನ್ನ ಚೀಲಗಳು ಈ ಸಂಕಟಕ್ಕೆ ನಾನು ಕಂಡುಕೊಂಡ ದಾರಿ. ಚೀಲದ ಬೇರು ಒಲೆಗೆ, ಬದುವಿನ ಬೇರು ನೆಲಕ್ಕೆ. ಬದುವಿನ ಸಾಲಿಗೆ ಎಂದೂ ಗುದ್ದಲಿ ಹಾಕುವುದಿಲ್ಲ. ಬೇರು ಕೊಯ್ದ ಬುಡವನ್ನೂ ಎಸೆಯುವುದಿಲ್ಲ. ಗೇಣುದ್ದ ಸೋಗೆ ಬಿಟ್ಟು ಕತ್ತರಿಸಿ, ಮರಿ ಬಿಡಿಸಿ, ಅಂದೇ ಊರುತ್ತೇನೆ. ಎಣ್ಣೆ ಕೇಳಿ ಬಂದವರಿಗೆ ಸೀಸೆಯ ಜೊತೆ ನಾಲ್ಕು ಮರಿಗಳನ್ನೂ ಕೊಡುವುದು ನನ್ನ ಪದ್ಧತಿ. ಪರಿಮಳ ಒಯ್ದವರು ಮಣ್ಣಿನ ಕಾವಲನ್ನೂ ಒಯ್ಯಲಿ.